ಕಡಲಾಮೆಗೆ ಬೇಕಾದ್ದು ಮರಳು, ಕತ್ತಲು, ತೆರೆದ ದಂಡೆ

ಚಳಿಗಾಲ ಬಂತೆಂದರೆ ಉತ್ತರ ಕನ್ನಡದ ಕುಮಟಾ, ಹೊನ್ನಾವರ, ಭಟ್ಕಳದ ಕಡಲಂಚಿಗೆ ಆಲಿವ್ ರಿಡ್ಲಿ ಆಮೆಗಳು ಮೊಟ್ಟೆಯಿಡಲು ಬರುತ್ತವೆ. ಮೀನುಗಾರರು, ಅರಣ್ಯ ಸಿಬ್ಬಂದಿ ಸೇರಿ ಮೊಟ್ಟೆ ಕಾಯುತ್ತಾರೆ, ಮರಿಗಳನ್ನು ಸಮುದ್ರಕ್ಕೆ ಬಿಡುತ್ತಾರೆ. ಆ ಮರಿ ತಾಯಾಗಿ ತಿರುಗಿ ಬರುವ ಹೊತ್ತಿಗೆ ದಂಡೆಯನ್ನು ಉಳಿಸಿಕೊಂಡಿರುತ್ತೇವೆಯೇ?

ದಂಡೆಯ ಕಥೆ ನದಿಯಿಂದ ಶುರುವಾಗುತ್ತದೆ. ಕುಮಟಾ ಬಳಿಯ ಮಿರ್ಜಾನ ಕೋಟೆಯನ್ನು ನೋಡಲು ಬರುವವರು ಸಾಮಾನ್ಯವಾಗಿ ರಾಣಿ ಚೆನ್ನಭೈರಾದೇವಿಯ ಹೆಸರು ಕೇಳಿ, ಕಾಳುಮೆಣಸಿನ ವ್ಯಾಪಾರದ ಕಥೆ ಕೇಳಿ ಹೊರಡುತ್ತಾರೆ. ಕೋಟೆಯ ಆಚೆ ಹರಿಯುವ ಅಘನಾಶಿನಿಯ ಕಡೆಗೆ ತಿರುಗಿ ನೋಡುವವರು ಕಡಿಮೆ. ಶಿರಸಿಯ ಶಂಕರ ಹೊಂಡದಲ್ಲಿ ಹುಟ್ಟಿ, ಘಟ್ಟ ಇಳಿದು, ಮಿರ್ಜಾನದ ಬಳಿ ಉಪ್ಪುನೀರಿನೊಂದಿಗೆ ಬೆರೆತು, ತದಡಿ ಮತ್ತು ಅಘನಾಶಿನಿ ಊರುಗಳ ನಡುವೆ ಸಮುದ್ರ ಸೇರುವ ನದಿ ಇದು. ಘಟ್ಟದ ಮಣ್ಣು, ಮರಳನ್ನು ಹೊತ್ತು ತಂದು ಕಡಲಿಗೆ ಕೊಡುತ್ತದೆ. ಕಡಲು ಅದನ್ನು ಎತ್ತಿ ದಂಡೆಗೆ ಹಾಕುತ್ತದೆ. ಕಾಗಾಲ, ಬಾಡ, ಕುಮಟಾ, ಧಾರೇಶ್ವರ, ಕರ್ಕಿ, ಪಾವಿನಕುರ್ವೆ, ಶರಾವತಿಯ ಅಳಿವೆ ದಾಟಿದರೆ ಕಾಸರಕೋಡಿನ ಟೊಂಕ, ಅಪ್ಸರಕೊಂಡ, ಮುಗಳಿ, ಮಂಕಿ, ಮುರ್ಡೇಶ್ವರ, ಭಟ್ಕಳ. ನದಿ ಮತ್ತು ಕಡಲು ಕೂಡಿ ಕಟ್ಟಿದ ದಂಡೆಗಳು ಇವು. ಇವುಗಳಲ್ಲಿ ಎಲ್ಲಿ ಮರಳು ಮೆತ್ತಗಿದೆಯೋ, ಎಲ್ಲಿ ರಾತ್ರಿ ಕತ್ತಲಿದೆಯೋ ಅಲ್ಲಿಗೆ ಆಮೆ ಬರುತ್ತದೆ.

ಭಾರತದ ಸಮುದ್ರದಲ್ಲಿ ಐದು ಜಾತಿಯ ಕಡಲಾಮೆಗಳಿವೆ. ಆಲಿವ್ ರಿಡ್ಲಿ, ಹಸಿರು ಕಡಲಾಮೆ, ಹಾಕ್ಸ್‌ಬಿಲ್, ಲಾಗರ್‌ಹೆಡ್ ಮತ್ತು ಎಲ್ಲಕ್ಕಿಂತ ದೊಡ್ಡದಾದ ಲೆದರ್‌ಬ್ಯಾಕ್. ಮುರ್ಡೇಶ್ವರದಿಂದ ನೇತ್ರಾಣಿ ದ್ವೀಪಕ್ಕೆ ಹೋಗಿ ನೀರಿಗಿಳಿಯುವವರಿಗೆ ಹವಳದ ನಡುವೆ ಕಡಲಾಮೆ ಈಜುವುದು ಕಾಣಸಿಗುತ್ತದೆ. ಆದರೆ ನಮ್ಮ ದಂಡೆಗೆ ಹತ್ತಿ ಮೊಟ್ಟೆಯಿಡುವುದು ಬಹುಪಾಲು ಆಲಿವ್ ರಿಡ್ಲಿ. ಐದರಲ್ಲಿ ಚಿಕ್ಕದು. ಚಿಪ್ಪಿನ ಉದ್ದ 60ರಿಂದ 70 ಸೆಂ.ಮೀ., ತೂಕ 35ರಿಂದ 45 ಕೆ.ಜಿ. ಚಿಪ್ಪಿನ ಮಾಸಲು ಹಸಿರು ಬಣ್ಣದಿಂದಲೇ ಅದಕ್ಕೆ ಆ ಹೆಸರು. ಅಂತರರಾಷ್ಟ್ರೀಯ ಪ್ರಕೃತಿ ಸಂರಕ್ಷಣಾ ಒಕ್ಕೂಟದ ಕೆಂಪು ಪಟ್ಟಿಯಲ್ಲಿ ಅದು ಅಪಾಯಕ್ಕೆ ಸುಲಭವಾಗಿ ಒಳಗಾಗಬಲ್ಲ ಜೀವಿಗಳ ಸಾಲಿನಲ್ಲಿದೆ.

ತಾಯಿ ದಂಡೆ ಹತ್ತುವ ರಾತ್ರಿ

ನಮ್ಮ ಕರಾವಳಿಯಲ್ಲಿ ಮೊಟ್ಟೆಯಿಡುವ ಕಾಲ ನವೆಂಬರ್‌ನಲ್ಲಿ ಶುರುವಾಗಿ ಮಾರ್ಚ್, ಏಪ್ರಿಲ್‌ವರೆಗೆ ಇರುತ್ತದೆ. ಡಿಸೆಂಬರ್‌ನಿಂದ ಮಾರ್ಚ್‌ವರೆಗೆ ಹೆಚ್ಚು. ಮಳೆಗಾಲದ ಅಬ್ಬರ ಮುಗಿದು, ಕೊಚ್ಚಿಹೋದ ಮರಳು ಮತ್ತೆ ದಂಡೆಗೆ ಬಂದು ಕೂತಿರುವ ಸಮಯ ಅದು.

ಹೆಣ್ಣಾಮೆ ಕತ್ತಲಾದ ಮೇಲೆ ಅಲೆಯಂಚಿನಲ್ಲಿ ತಲೆಯೆತ್ತುತ್ತದೆ. ತುಸು ಹೊತ್ತು ಹಾಗೇ ನಿಲ್ಲುತ್ತದೆ. ದಂಡೆಯ ಮೇಲೆ ಓಡಾಟ ಕಂಡರೆ, ಬೆಳಕು ಕಣ್ಣಿಗೆ ಬಿದ್ದರೆ, ನಾಯಿ ಬೊಗಳುತ್ತ ಓಡಿಬಂದರೆ ತಿರುಗಿ ನೀರಿಗೆ ಹೋಗಿಬಿಡುತ್ತದೆ. ಎಲ್ಲ ಸರಿಯಿದೆ ಅನ್ನಿಸಿದರೆ ಮೇಲೆ ತೆವಳುತ್ತದೆ. ನೀರಿನಲ್ಲಿ ಹಗುರವಾಗಿ ತೇಲುವ ಜೀವಿಗೆ ನೆಲದ ಮೇಲೆ ತನ್ನದೇ ಭಾರ ಎಳೆಯುವುದು ಕಷ್ಟದ ಕೆಲಸ. ನಾಲ್ಕು ಹೆಜ್ಜೆ ಎಳೆದು ನಿಂತು ಉಸಿರು ಬಿಡುತ್ತದೆ, ಮತ್ತೆ ಎಳೆಯುತ್ತದೆ. ಆಲಿವ್ ರಿಡ್ಲಿ ಎಡ ಬಲ ರೆಕ್ಕೆಗಳನ್ನು ಒಂದರ ನಂತರ ಒಂದು ಊರಿ ನಡೆಯುವುದರಿಂದ ಮರಳಿನ ಮೇಲೆ ಅದರ ಜಾಡು ಅದಲುಬದಲಾಗಿ ಮೂಡುತ್ತದೆ. ಹಸಿರು ಕಡಲಾಮೆ ಎರಡೂ ರೆಕ್ಕೆಗಳನ್ನು ಒಟ್ಟಿಗೆ ಊರುವುದರಿಂದ ಅದರ ಜಾಡಿನಲ್ಲಿ ಎರಡೂ ಬದಿಯ ಗುರುತು ಸರಿಸಮ ಇರುತ್ತದೆ. ಬೆಳಗಿನ ಜಾವ ದಂಡೆ ನೋಡುವವರಿಗೆ ಯಾವ ಆಮೆ ಬಂದಿತ್ತು ಎಂದು ಗೊತ್ತಾಗುವುದು ಹೀಗೆ.

ಭರತದ ನೀರು ಮುಟ್ಟದ ಎತ್ತರಕ್ಕೆ ಬಂದ ಮೇಲೆ ಮುಂಗಾಲಿನಿಂದ ಮೇಲಿನ ಒಣ ಮರಳನ್ನು ಸರಿಸುತ್ತದೆ. ಆಮೇಲೆ ಕೆಲಸವೆಲ್ಲ ಹಿಂಗಾಲಿನದು. ಒಂದು ಹಿಂಗಾಲನ್ನು ಮಡಿಚಿ ಮರಳು ಮೊಗೆದು ಪಕ್ಕಕ್ಕಿಡುತ್ತದೆ, ಇನ್ನೊಂದು ಕಾಲು ಅಂಚಿನ ಮರಳನ್ನು ಮುಂದಕ್ಕೆ ತಳ್ಳುತ್ತದೆ. ಮತ್ತೆ ಕಾಲು ಬದಲು. ಹಿಂದೆ ಏನು ನಡೆಯುತ್ತಿದೆ ಎಂದು ಅದಕ್ಕೆ ಕಾಣುವುದೇ ಇಲ್ಲ. ಕಾಲಿನ ಸ್ಪರ್ಶದಿಂದಲೇ ಸುಮಾರು ಒಂದೂವರೆ ಅಡಿ ಆಳದ, ಬಾಯಿ ಕಿರಿದಾಗಿ ಹೊಟ್ಟೆ ಅಗಲವಾದ ಗಡಿಗೆಯಂಥ ಗುಂಡಿಯನ್ನು ತೋಡುತ್ತದೆ. ಕಾಲಿಗೆ ಇನ್ನು ಮರಳು ಎಟುಕುವುದಿಲ್ಲ ಎಂದಾದಾಗ ತೋಡುವುದು ನಿಲ್ಲುತ್ತದೆ, ಮೊಟ್ಟೆ ಬೀಳತೊಡಗುತ್ತದೆ. ಒಮ್ಮೆಗೆ ಎರಡು, ಮೂರು. ಅಂಟು ದ್ರವದಲ್ಲಿ ಮಿಂದ, ಸುಮಾರು ನಾಲ್ಕು ಸೆಂ.ಮೀ. ದಪ್ಪದ, ಮೆತ್ತನೆ ಚಿಪ್ಪಿನ ಬಿಳಿ ಮೊಟ್ಟೆಗಳು. ಒಂದು ಗೂಡಿಗೆ ನೂರರಿಂದ ನೂರಿಪ್ಪತ್ತು.

ಮೊಟ್ಟೆಯಿಡುವಾಗ ಅದರ ಕಣ್ಣಿನಿಂದ ನೀರು ಇಳಿಯುತ್ತದೆ. ಹೆರಿಗೆ ನೋವಿಗೆ ತಾಯಿ ಅಳುತ್ತಿದೆ ಎಂದು ನೋಡಿದವರು ಮರುಗುತ್ತಾರೆ. ಕಡಲಾಮೆ ಕುಡಿಯುವ ಉಪ್ಪುನೀರಿನ ಹೆಚ್ಚುವರಿ ಉಪ್ಪನ್ನು ಕಣ್ಣಿನ ಬಳಿಯ ಗ್ರಂಥಿಗಳು ಹೊರಹಾಕುವ ಬಗೆ ಅದು. ಸಮುದ್ರದಲ್ಲಿರುವಾಗಲೂ ನಡೆಯುತ್ತಿರುತ್ತದೆ. ನಮಗೆ ಕಾಣುವುದು ದಂಡೆಯ ಮೇಲೆ ಮಾತ್ರ.

ಮೊಟ್ಟೆಯಿಟ್ಟು ಮುಗಿದ ಮೇಲೆ ಹಿಂಗಾಲಿನಿಂದ ಗುಂಡಿ ಮುಚ್ಚುತ್ತದೆ. ಆಮೇಲಿನದು ರಿಡ್ಲಿ ಆಮೆಗಳ ವಿಶೇಷ. ದೇಹವನ್ನು ಎಡಕ್ಕೊಮ್ಮೆ ಬಲಕ್ಕೊಮ್ಮೆ ಎತ್ತಿ ಹೊಟ್ಟೆಯ ಚಿಪ್ಪಿನಿಂದ ಮರಳನ್ನು ದಬದಬ ಬಡಿದು ಗಟ್ಟಿ ಮಾಡುತ್ತದೆ. ಹತ್ತಿರ ಇದ್ದವರಿಗೆ ಆ ಸದ್ದು ಕೇಳುತ್ತದೆ. ಕೊನೆಗೆ ಸುತ್ತಲೂ ಮರಳು ಎರಚಿ ಗುರುತು ಅಳಿಸಿ ನೀರಿಗಿಳಿಯುತ್ತದೆ. ಎಲ್ಲ ಸೇರಿ ಒಂದು ತಾಸಿನ ಒಳಗಿನ ಕೆಲಸ. ತಿರುಗಿ ಬಂದು ಮರಿಗಳನ್ನು ನೋಡುವ ಪದ್ಧತಿ ಕಡಲಾಮೆಗೆ ಇಲ್ಲ. ಮೊಟ್ಟೆಗೆ ತಾಯಿ ಕೊಡುವ ರಕ್ಷಣೆಯೆಂದರೆ ಅದು ಆರಿಸಿದ ಜಾಗ, ತೋಡಿದ ಆಳ, ಮುಚ್ಚಿದ ಮರಳು. ಮುಂದಿನ ಒಂದೂವರೆ ಎರಡು ತಿಂಗಳು ದಂಡೆಯೇ ಅದರ ತಾಯಿ.

ಬೆಳಗಿನ ಜಾವದ ಫೋನು

ಮರುದಿನ ಬೆಳಕು ಹರಿಯುವ ಮೊದಲು ಬಲೆ ಎಳೆಯಲು, ದೋಣಿ ಇಳಿಸಲು ಹೊರಟ ಮೀನುಗಾರರ ಕಣ್ಣಿಗೆ ಜಾಡು ಬೀಳುತ್ತದೆ. ನೀರಿನಿಂದ ಹತ್ತಿದ ಒಂದು ಗೆರೆ, ಇಳಿದ ಇನ್ನೊಂದು ಗೆರೆ, ನಡುವೆ ಕೆದಕಿದ ಮರಳು. ‘ಆಮೆ ಬಂದು ಹೋಗಿದೆ’ ಎಂಬ ಫೋನು ಅರಣ್ಯ ಇಲಾಖೆಯವರಿಗೆ ಹೋಗುತ್ತದೆ. ಕರಾವಳಿಯಲ್ಲಿ ಕಡಲಾಮೆ ರಕ್ಷಣೆಯ ಇಡೀ ವ್ಯವಸ್ಥೆ ನಿಂತಿರುವುದು ಈ ಫೋನಿನ ಮೇಲೆ. ಖಾರ್ವಿ, ಮೊಗೇರ, ಅಂಬಿಗ, ಹರಿಕಂತ್ರ, ದಾಲ್ಜಿ, ಯಾವ ಸಮುದಾಯದವರೇ ಇರಲಿ, ದಂಡೆಯನ್ನು ದಿನವೂ ನೋಡುವವರು ಅವರು. ಇಲಾಖೆಯ ಸಿಬ್ಬಂದಿ ಎಷ್ಟೇ ಇದ್ದರೂ ರಾತ್ರಿಯಿಡೀ ಅಷ್ಟು ಉದ್ದದ ಕಡಲಂಚನ್ನು ಕಾಯಲಾಗದು.

ಒಂದು ಕಾಲದಲ್ಲಿ ಇದೇ ಜಾಡು ಹಿಡಿದು ಹೋಗಿ ಮೊಟ್ಟೆ ಅಗೆದು ತಿನ್ನುವ, ಮಾರುವ ಅಭ್ಯಾಸ ಕರಾವಳಿಯ ಹಲವೆಡೆ ಇತ್ತು. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಮೊದಲ ಪರಿಶಿಷ್ಟದಲ್ಲಿ ಕಡಲಾಮೆಗಳಿಗೆ ಈಗ ಹುಲಿ, ಆನೆಗೆ ಸಮನಾದ ರಕ್ಷಣೆ ಇದೆ. ಆಮೆಯನ್ನು ಕೊಂದರೆ, ಮೊಟ್ಟೆ ಕದ್ದರೆ 3ರಿಂದ 7 ವರ್ಷದವರೆಗೆ ಸೆರೆವಾಸ ಆಗಬಹುದು. ಆದರೆ ಕಾನೂನಿನ ಹೆದರಿಕೆಯೊಂದರಿಂದಲೇ ಅಭ್ಯಾಸ ಬದಲಾಗಲಿಲ್ಲ. ಮೊಟ್ಟೆ ತೆಗೆಯಲು ಜಾಡು ಓದುತ್ತಿದ್ದ ಅದೇ ಕಣ್ಣು ಮೊಟ್ಟೆ ಉಳಿಸಲು ಜಾಡು ಓದತೊಡಗಿದ್ದು ದಂಡೆಯ ಜನರಿಗೆ ಗೌರವ ಕೊಟ್ಟು ಜೊತೆಗೆ ಸೇರಿಸಿಕೊಂಡಿದ್ದರಿಂದ. ಆಮೆ ವಿಷ್ಣುವಿನ ಕೂರ್ಮಾವತಾರ ಎಂಬ ಭಾವನೆ ಮೊದಲೇ ಇದ್ದ ಊರುಗಳಲ್ಲಿ ಈ ಕೆಲಸ ಇನ್ನೂ ಸುಲಭವಾಯಿತು.

ಗೂಡು ಸಿಕ್ಕಿದ ಮೇಲೆ ತೀರ್ಮಾನ ಬೇಗ ಆಗಬೇಕು. ಜಾಗ ಸುರಕ್ಷಿತವಾಗಿದ್ದರೆ ಮೊಟ್ಟೆಯನ್ನು ಮುಟ್ಟದೆ ಅಲ್ಲೇ ಸುತ್ತ ಬಲೆ ಕಟ್ಟಿ, ಮುಂಗುಸಿ, ನರಿ, ನಾಯಿ ಅಗೆಯದಂತೆ ಕಾಯುವುದು ಎಲ್ಲಕ್ಕಿಂತ ಒಳ್ಳೆಯದು. ಭರತದ ನೀರು ನುಗ್ಗುವ ಜಾಗವಾದರೆ, ಜನ ವಾಹನ ಓಡಾಡುವ ಜಾಗವಾದರೆ ಮೊಟ್ಟೆಗಳನ್ನು ತೆಗೆದು ಬೇಲಿ ಹಾಕಿದ ಮೊಟ್ಟೆಕೇಂದ್ರಕ್ಕೆ ಸಾಗಿಸಬೇಕಾಗುತ್ತದೆ. ಇಲ್ಲಿ ಸಮಯವೇ ಮುಖ್ಯ. ಮೊಟ್ಟೆಯಿಟ್ಟ ಕೆಲವೇ ತಾಸಿನಲ್ಲಿ ಒಳಗಿನ ಭ್ರೂಣ ಚಿಪ್ಪಿನ ಮೇಲ್ಭಾಗಕ್ಕೆ ಅಂಟಿಕೊಳ್ಳುತ್ತದೆ. ಆಮೇಲೆ ಮೊಟ್ಟೆ ಮಗುಚಿದರೆ, ಉರುಳಿದರೆ ಭ್ರೂಣ ಸಾಯುತ್ತದೆ. ಹೊರಗಿನಿಂದ ನೋಡಿದರೆ ಮೊಟ್ಟೆ ಮೊದಲಿನ ಹಾಗೇ ಇರುತ್ತದೆ, ಒಳಗೆ ಜೀವ ಇರುವುದಿಲ್ಲ. ಕುತೂಹಲಕ್ಕೆ ಗೂಡು ಅಗೆದು ಮೊಟ್ಟೆ ಕೈಗೆತ್ತಿ ಫೋಟೊ ತೆಗೆದು ಮತ್ತೆ ಮುಚ್ಚಿದವರು ಏನೂ ಹಾಳು ಮಾಡಿಲ್ಲ ಎಂದುಕೊಂಡು ಹೋಗುತ್ತಾರೆ. ಆ ಗೂಡಿನಿಂದ ಒಂದು ಮರಿಯೂ ಬಾರದಿರಬಹುದು.

ತಿಳಿದವರು ಮೊಟ್ಟೆಗಳನ್ನು ಒಂದೊಂದಾಗಿ, ಇದ್ದ ಭಂಗಿ ಬದಲಿಸದೆ, ಅದೇ ಗೂಡಿನ ಹಸಿ ಮರಳು ಹಾಸಿದ ಬುಟ್ಟಿಗೋ ಬಕೆಟ್ಟಿಗೋ ಇಳಿಸುತ್ತಾರೆ. ತಾಯಿ ತೋಡಿದಷ್ಟೇ ಆಳ, ಅದೇ ಆಕಾರದ ಗುಂಡಿ ತೋಡಿ ಅದರಲ್ಲಿ ಇಡುತ್ತಾರೆ. ತಾರೀಕು, ಸಿಕ್ಕಿದ ಜಾಗ, ಮೊಟ್ಟೆಗಳ ಲೆಕ್ಕ ಬರೆದ ಫಲಕ ಪ್ರತಿ ಗೂಡಿನ ತಲೆಗೂ ಇರುತ್ತದೆ. ಮುಂದೆ 45ರಿಂದ 60 ದಿನ ಕಾಯುವ ಕೆಲಸ.

ಗಂಡೋ ಹೆಣ್ಣೋ, ಮರಳಿನ ಬಿಸಿಗೆ ಗೊತ್ತು

ಕಡಲಾಮೆಯ ಮರಿ ಗಂಡಾಗಬೇಕೋ ಹೆಣ್ಣಾಗಬೇಕೋ ಎಂಬುದು ಮೊಟ್ಟೆಯಿಡುವ ಹೊತ್ತಿಗೆ ನಿಶ್ಚಯವಾಗಿರುವುದಿಲ್ಲ. ಮೊಟ್ಟೆ ಮರಳಿನಲ್ಲಿರುವ ದಿನಗಳ ನಡುವಿನ ಅವಧಿಯಲ್ಲಿ ಮರಳು ಎಷ್ಟು ಬಿಸಿಯಾಗಿತ್ತು ಎಂಬುದರ ಮೇಲೆ ಅದು ತೀರ್ಮಾನವಾಗುತ್ತದೆ. ಸುಮಾರು 29, 30 ಡಿಗ್ರಿ ಸೆಲ್ಸಿಯಸ್ ಆಸುಪಾಸಿನಲ್ಲಿ ಗಂಡು ಹೆಣ್ಣು ಎರಡೂ ಹುಟ್ಟುತ್ತವೆ. ಅದಕ್ಕಿಂತ ತಂಪಾದರೆ ಗಂಡು ಹೆಚ್ಚು, ಬಿಸಿಯಾದರೆ ಹೆಣ್ಣು ಹೆಚ್ಚು. ಇನ್ನೂ ಬಿಸಿಯೇರಿ ಅದೇ ಬಿಸಿ ದಿನಗಟ್ಟಲೆ ಉಳಿದರೆ ಭ್ರೂಣ ಮೊಟ್ಟೆಯೊಳಗೇ ಸಾಯುತ್ತದೆ.

ಹಾಗಾಗಿ ಭೂಮಿಯ ತಾಪ ಏರುತ್ತಿದೆ ಎನ್ನುವ ಮಾತು ಕಡಲಾಮೆಯ ಮಟ್ಟಿಗೆ ನೇರವಾದ ವಿಷಯ. ಫೆಬ್ರುವರಿ, ಮಾರ್ಚ್‌ನ ಬಿಸಿಲಿನಲ್ಲಿ ಇಟ್ಟ ಮೊಟ್ಟೆಗಳಿಗೆ ಕಷ್ಟ ಹೆಚ್ಚು. ಮೊಟ್ಟೆಕೇಂದ್ರಗಳಲ್ಲಿ ನೆರಳು ಬಲೆ ಕಟ್ಟುವುದು, ಗೂಡುಗಳನ್ನು ಒತ್ತೊತ್ತಾಗಿ ಇಡದಿರುವುದು ಇದಕ್ಕೇ. ಒಂದೇ ಸಣ್ಣ ಜಾಗದಲ್ಲಿ ಎಲ್ಲ ಮೊಟ್ಟೆ ಹೂತರೆ ಎಲ್ಲ ಮರಿಯೂ ಒಂದೇ ಲಿಂಗದ್ದಾಗುವ ಅಪಾಯವಿದೆ. ಮೊಟ್ಟೆ ಒಡೆದು ಮರಿ ಹೊರಬಂದಿತೆಂದು ಲೆಕ್ಕ ಬರೆಯುವುದರೊಂದಿಗೆ ಆ ಗೂಡಿನ ಬಿಸಿ ಎಷ್ಟಿತ್ತು ಎಂದೂ ಬರೆಯುವ ರೂಢಿ ಬರಬೇಕು.

ಮರಿಗಳ ಮೊದಲ ರಾತ್ರಿ

ಮರಿ ಮೂತಿಯ ತುದಿಯ ಚೂಪಾದ ಗಂಟಿನಿಂದ ಚಿಪ್ಪು ಸೀಳುತ್ತದೆ. ಆದರೆ ತಕ್ಷಣ ಮೇಲೆ ಬರುವುದಿಲ್ಲ. ಒಂದೂವರೆ ಅಡಿ ಮರಳು ಒಂಟಿ ಮರಿಯಿಂದ ಸರಿಯದು. ಒಟ್ಟಿಗೆ ಹುಟ್ಟಿದ ಮರಿಗಳು ಒಟ್ಟಿಗೆ ಮಿಸುಕಾಡುತ್ತವೆ. ಮೇಲಿನವು ಕೆದರಿದ ಮರಳು ಕೆಳಗೆ ಬೀಳುತ್ತದೆ, ಕೆಳಗಿನವು ಅದನ್ನು ಮೆಟ್ಟಿ ಏರುತ್ತವೆ. ಹೀಗೆ ಎರಡು ಮೂರು ದಿನ. ಮೇಲ್ಪದರದ ಬಿಸಿ ತಟ್ಟಿದರೆ ಅಲ್ಲೇ ನಿಲ್ಲುತ್ತವೆ. ಕತ್ತಲಾಗಿ ಮರಳು ತಣ್ಣಗಾದ ಮೇಲೆ ಮತ್ತೆ ಕೆದರುತ್ತವೆ. ಗೂಡಿನ ಮೇಲೆ ಮರಳು ಸಣ್ಣಗೆ ಕುಸಿದು ತಗ್ಗು ಬಿದ್ದರೆ ಮರಿ ಬರುವ ಸಮಯ ಹತ್ತಿರವಾಯಿತೆಂದು ಕಾಯುವವರಿಗೆ ಗೊತ್ತು. ಮೊದಲು ಒಂದು ಕಪ್ಪು ಮೂತಿ, ಆಮೇಲೆ ಒಂದು ರೆಕ್ಕೆ, ಅನಂತರ ನೋಡುವಷ್ಟರಲ್ಲಿ ಹತ್ತಾರು. ಒಂದೊಂದರ ಉದ್ದ ನಾಲ್ಕು ಸೆಂ.ಮೀ., ತೂಕ ಇಪ್ಪತ್ತು ಗ್ರಾಂ ಮುಟ್ಟದು.

ಕತ್ತಲ ದಂಡೆಯಲ್ಲಿ ಎಲ್ಲಕ್ಕಿಂತ ಬೆಳಕಿರುವ ದಿಕ್ಕು ಸಮುದ್ರದ್ದು. ನಕ್ಷತ್ರ, ಚಂದ್ರನ ಬೆಳಕು ನೀರಿನ ಮೇಲೆ ಹರಡಿರುತ್ತದೆ, ನೆಲದ ಕಡೆ ಮರಗಳ ಕಪ್ಪು ನೆರಳಿರುತ್ತದೆ. ಮರಿ ಕಪ್ಪಿಗೆ ಬೆನ್ನು ಹಾಕಿ ಬೆಳಕಿನತ್ತ ಓಡುತ್ತದೆ. ನೀರು ಸೇರಿದ ಮೇಲೆ ಅಲೆಗೆದುರಾಗಿ ಈಜುತ್ತದೆ, ಆಳಕ್ಕೆ ಹೋದ ಮೇಲೆ ಭೂಮಿಯ ಕಾಂತಕ್ಷೇತ್ರ ದಾರಿ ತೋರಿಸುತ್ತದೆ. ಹುಟ್ಟಿದ ಪ್ರದೇಶದ ಕಾಂತಗುರುತು ಅದರೊಳಗೆ ಉಳಿದು, ಬೆಳೆದ ಹೆಣ್ಣನ್ನು ಅದೇ ಪ್ರದೇಶದ ದಂಡೆಗಳತ್ತ ಕರೆತರುತ್ತದೆ ಎಂಬುದು ವಿಜ್ಞಾನಿಗಳ ಅಭಿಪ್ರಾಯ.

ದಂಡೆಯ ಮೇಲಿನ ರೆಸಾರ್ಟ್, ಹೋಟೆಲು, ರಸ್ತೆದೀಪ, ಹೈಮಾಸ್ಟ್ ದೀಪಗಳ ತೊಂದರೆ ಇಲ್ಲಿಂದಲೇ ಹುಟ್ಟುವುದು. ಸಮುದ್ರಕ್ಕಿಂತ ಪ್ರಕಾಶವಾದ ಬೆಳಕು ನೆಲದ ಕಡೆ ಇದ್ದರೆ ಮರಿಗಳು ಅತ್ತಲೇ ತೆವಳುತ್ತವೆ. ರಸ್ತೆಗೆ ಬಂದು ಚಕ್ರಕ್ಕೆ ಸಿಗುತ್ತವೆ, ಬೇಲಿಯಲ್ಲಿ ಸಿಕ್ಕಿಕೊಳ್ಳುತ್ತವೆ, ಬೆಳಗಾದರೆ ಬಿಸಿಲಿಗೆ ಒಣಗುತ್ತವೆ, ಕಾಗೆ, ಗರುಡನ ಪಾಲಾಗುತ್ತವೆ. ಕಾಸರಕೋಡಿನ ದಂಡೆಗೆ 2020ರಲ್ಲಿ ಬ್ಲೂ ಫ್ಲ್ಯಾಗ್ ಮಾನ್ಯತೆ ಸಿಕ್ಕಿದ್ದು ಜಿಲ್ಲೆಗೆ ಹೆಮ್ಮೆಯ ವಿಷಯ. ಸ್ವಚ್ಛತೆಗೆ ಸಿಕ್ಕ ಆ ಮಾನ್ಯತೆಯ ಜೊತೆಗೆ ರಾತ್ರಿಯ ಕತ್ತಲನ್ನೂ ಕಾಪಾಡಿದ ದಂಡೆ ಎಂಬ ಹೆಸರನ್ನು ಈ ಕರಾವಳಿ ಗಳಿಸಬೇಕು. ನವೆಂಬರ್‌ನಿಂದ ಮೇ ತನಕ ಸಮುದ್ರಕ್ಕೆ ಮುಖ ಮಾಡಿದ ದೀಪಗಳನ್ನು ಆರಿಸುವುದು, ಅನಿವಾರ್ಯವಾದಲ್ಲಿ ನೆಲಕ್ಕೆ ಬಾಗಿದ, ಮಂದವಾದ ಕೆಂಪು ದೀಪ ಹಾಕುವುದು ಯಾವ ಪಂಚಾಯಿತಿಗೂ ದುಬಾರಿಯ ಕೆಲಸವಲ್ಲ.

ಮರಿ ಬಿಡುವ ಕಾರ್ಯಕ್ರಮಗಳ ಬಗ್ಗೆಯೂ ಒಂದು ಮಾತು ಹೇಳಬೇಕು. ಶಾಲಾ ಮಕ್ಕಳು, ಅಧಿಕಾರಿಗಳು, ಜನಪ್ರತಿನಿಧಿಗಳು ಸೇರಿ ಮರಿ ಬಿಡುವುದರಿಂದ ಜಾಗೃತಿ ಮೂಡುತ್ತದೆ, ಅದು ಬೇಕು. ಆದರೆ ಮರಿಯ ಮೈಯಲ್ಲಿ ಉಳಿದ ಮೊಟ್ಟೆಯ ಹಳದಿಯ ಶಕ್ತಿ ಸೀಮಿತ. ಹುಟ್ಟಿದ ಮೊದಲ ದಿನ ಬಿಡುವಿಲ್ಲದೆ ಈಜಿ ಅಪಾಯದ ತೀರಪ್ರದೇಶ ದಾಟಲು ಆ ಶಕ್ತಿ ಬೇಕು. ಅತಿಥಿಗಳು ಬರಲಿ ಎಂದು ಬೆಳಗಿನಿಂದ ಸಂಜೆಯವರೆಗೆ ಟಬ್ಬಿನಲ್ಲಿ ಇಟ್ಟರೆ ಅದು ಅಲ್ಲೇ ಈಜಿ ಈಜಿ ಸುಸ್ತಾಗುತ್ತದೆ. ರಾತ್ರಿ ಬಂದ ಮರಿಯನ್ನು ರಾತ್ರಿಯೇ, ಇಲ್ಲವೇ ನಸುಕಿನಲ್ಲೇ ಬಿಡಬೇಕು. ಕೈಯಲ್ಲಿ ಹಿಡಿದು ನೀರಿಗೆ ಎಸೆಯಬಾರದು. ಅಲೆಯಂಚಿನಿಂದ ತುಸು ಮೇಲೆ ಒದ್ದೆ ಮರಳಿನಲ್ಲಿ ಬಿಟ್ಟು, ತಾನಾಗಿ ತೆವಳಿ ನೀರು ಸೇರಲು ಬಿಡಬೇಕು. ಮೊಬೈಲ್ ಫ್ಲ್ಯಾಷ್ ಬೇಡ. ಹಿಂದೆ ನಿಂತು ನೋಡಬೇಕು, ಮುಂದೆ ನಿಂತು ದಾರಿ ಕಟ್ಟಬಾರದು.

ಸಾವಿರ ಮರಿಯಲ್ಲಿ ಒಂದು ಪ್ರಾಯಕ್ಕೆ ಬಂದರೆ ಹೆಚ್ಚು ಎನ್ನುವುದು ಸಾಮಾನ್ಯ ಅಂದಾಜು. ಬದುಕುಳಿದ ಆ ಒಂದು ಹೆಣ್ಣು ಮೊಟ್ಟೆಯಿಡುವಂತಾಗಲು ಸುಮಾರು ಹತ್ತರಿಂದ ಹದಿನೈದು ವರ್ಷ ಬೇಕು. ಇಂದು ಬಿಟ್ಟ ಮರಿ ತಿರುಗಿ ಬರುವ ಹೊತ್ತಿಗೆ ಅದನ್ನು ನೋಡಿ ಚಪ್ಪಾಳೆ ತಟ್ಟಿದ ಶಾಲಾ ಮಕ್ಕಳು ದೊಡ್ಡವರಾಗಿರುತ್ತಾರೆ.

ಒಂದೇ ಕಡಲು

ಕಡಲಾಮೆ ಎಂದರೆ ಒಡಿಶಾ ಎಂಬುದು ಸಾಮಾನ್ಯ ತಿಳಿವಳಿಕೆ. ಗಹಿರ್‌ಮಾಥಾದ ಸಾಮೂಹಿಕ ಮೊಟ್ಟೆಯಿಡುವಿಕೆ ವಿಜ್ಞಾನ ಲೋಕಕ್ಕೆ ತಿಳಿದದ್ದು 1974ರಲ್ಲಿ. ಋಷಿಕುಲ್ಯಾದ್ದು 1994ರಲ್ಲಿ. 2025ರ ಫೆಬ್ರುವರಿಯಲ್ಲಿ ಋಷಿಕುಲ್ಯಾ ದಂಡೆಯೊಂದರಲ್ಲೇ ಸುಮಾರು 7 ಲಕ್ಷ ಆಮೆಗಳು ಮೊಟ್ಟೆಯಿಟ್ಟವು. ಪಶ್ಚಿಮ ಕರಾವಳಿಯಲ್ಲಿ ಅಂಥ ಸಾಮೂಹಿಕ ದೃಶ್ಯ ಇಲ್ಲ. ಇಲ್ಲಿ ಒಂದು ರಾತ್ರಿ ಇಲ್ಲೊಂದು, ಇನ್ನೊಂದು ರಾತ್ರಿ ಅಲ್ಲೊಂದು. ಅದರಿಂದಲೇ ಇಲ್ಲಿನ ಪ್ರತಿ ಗೂಡಿಗೂ ಬೆಲೆ ಹೆಚ್ಚು.

ಒಡಿಶಾದ ಆಮೆ ಬೇರೆ, ಕೊಂಕಣದ ಆಮೆ ಬೇರೆ ಎಂದುಕೊಂಡಿದ್ದ ನಂಬಿಕೆ ಈಚೆಗೆ ಸಡಿಲವಾಗಿದೆ. ಮಹಾರಾಷ್ಟ್ರದ ಗುಹಾಗರದಲ್ಲಿ 2023ರ ಫೆಬ್ರುವರಿಯಲ್ಲಿ ಉಪಗ್ರಹ ಸಾಧನ ಅಂಟಿಸಿದ ‘ಬಾಗೇಶ್ರೀ’ ಎಂಬ ಆಮೆ ಕರ್ನಾಟಕ, ಕೇರಳದ ಕಡಲು ದಾಟಿ ಶ್ರೀಲಂಕಾ ಸುತ್ತಿ ಬಂಗಾಳ ಕೊಲ್ಲಿ ಸೇರಿತು. 2021ರಲ್ಲಿ ಒಡಿಶಾದಲ್ಲಿ ಲೋಹದ ಗುರುತುಪಟ್ಟಿ ಹಾಕಿದ್ದ ಇನ್ನೊಂದು ಆಮೆ 2025ರ ಜನವರಿಯಲ್ಲಿ ಅದೇ ಗುಹಾಗರದ ದಂಡೆಯಲ್ಲಿ ಮೊಟ್ಟೆಯಿಡುತ್ತಿದ್ದುದು ಸಿಕ್ಕಿತು. ಎರಡು ಕರಾವಳಿಯ ನಡುವೆ ಓಡಾಡುವ ಆಮೆಗಳು ನಮ್ಮ ಜಿಲ್ಲೆಯ ಕಡಲನ್ನು ದಾಟಿಯೇ ಹೋಗಬೇಕು. ಉತ್ತರ ಕನ್ನಡದ ಬಲೆ, ದಂಡೆ, ದೀಪದ ವಿಷಯ ಇಡೀ ದೇಶದ ಕಡಲಾಮೆಯ ವಿಷಯವಾಗುವುದು ಹೀಗೆ.

ನೆರೆಹೊರೆಯವರಿಂದ ಕಲಿಯಲು ಬೇಕಾದಷ್ಟಿದೆ. ರತ್ನಾಗಿರಿ ಜಿಲ್ಲೆಯ ವೇಳಾಸ್ ಎಂಬ ಸಣ್ಣ ಊರಿನಲ್ಲಿ ಸಹ್ಯಾದ್ರಿ ನಿಸರ್ಗ ಮಿತ್ರ ಸಂಸ್ಥೆ 2002ರ ಹೊತ್ತಿಗೆ ಆರಂಭಿಸಿದ ಕೆಲಸ ‘ಕಾಸವ ಮಹೋತ್ಸವ’ವಾಗಿ ಬೆಳೆಯಿತು. ಮರಿ ನೋಡಲು ಬರುವವರು ಊರಿನವರ ಮನೆಗಳಲ್ಲೇ ಉಳಿದು ಉಣ್ಣುತ್ತಾರೆ, ಆದಾಯ ಊರಿಗೇ ಸಿಗುತ್ತದೆ. ಕೇರಳದ ಕಾಸರಗೋಡು ಜಿಲ್ಲೆಯ ನೀಲೇಶ್ವರದಲ್ಲಿ ‘ನೈತಲ್’ ಎಂಬ ಸ್ಥಳೀಯರ ಸಂಘಟನೆ ಎರಡು ದಶಕಗಳಿಂದ ಈ ಕೆಲಸ ಮಾಡುತ್ತಿದೆ. ನಮ್ಮ ಕುಂದಾಪುರದ ಕೋಡಿಯಲ್ಲಿ ಅರಣ್ಯ ಇಲಾಖೆ, ಸ್ವಯಂಸೇವಕರು ಕೂಡಿ ಗೂಡುಗಳನ್ನು ಕಾಯ್ದಿದ್ದಾರೆ. ಮಂಗಳೂರು ಸುತ್ತಲಿನ ಸಸಿಹಿತ್ಲು, ತಣ್ಣೀರುಬಾವಿ ದಂಡೆಗಳಲ್ಲಿ ದಶಕಗಳ ನಂತರ 2024ರಲ್ಲಿ ಗೂಡುಗಳು ಸಿಕ್ಕವು. ಕಾಯುವವರಿದ್ದರೆ ಆಮೆಯ ಗೂಡು ಕಣ್ಣಿಗೆ ಬೀಳುತ್ತದೆ ಎನ್ನುವುದಕ್ಕೆ ಇವೆಲ್ಲ ಸಾಕ್ಷಿ.

ಬಲೆ ಕತ್ತರಿಸುವವನ ಕಷ್ಟ

ಕಡಲಾಮೆ ಶ್ವಾಸಕೋಶದಿಂದ ಉಸಿರಾಡುವ ಜೀವಿ, ಆಗಾಗ ಮೇಲೆ ಬರಲೇಬೇಕು. ತಾಸುಗಟ್ಟಲೆ ನೀರಡಿ ಎಳೆಯುವ ಟ್ರಾಲ್ ಬಲೆಯಲ್ಲಿ ಸಿಕ್ಕರೆ ಉಸಿರುಗಟ್ಟಿ ಸಾಯುತ್ತದೆ. ಬಲೆಯೊಳಗೆ ಕಂಬಿಗಳ ಚೌಕಟ್ಟು ಕೂರಿಸಿ ಮೀನು, ಸಿಗಡಿ ಒಳಗೆ ಹೋಗುವಂತೆ, ಆಮೆ ಮೇಲಿನ ಕಿಂಡಿಯಿಂದ ಹೊರಬೀಳುವಂತೆ ಮಾಡಿದ ಸಾಧನಕ್ಕೆ ಟೆಡ್ ಎನ್ನುತ್ತಾರೆ. ಕೊಚ್ಚಿಯ ಕೇಂದ್ರೀಯ ಮೀನುಗಾರಿಕೆ ತಂತ್ರಜ್ಞಾನ ಸಂಸ್ಥೆ ನಮ್ಮ ಬಲೆಗಳಿಗೆ ಹೊಂದುವ ಟೆಡ್ ರೂಪಿಸಿದೆ. ಬಳಕೆ ಮಾತ್ರ ಹರಡಲಿಲ್ಲ. ಆಮೆ ರಕ್ಷಣೆಯ ಈ ಕೊರತೆಯನ್ನೇ ಕಾರಣವಾಗಿಸಿ ಅಮೆರಿಕ 2019ರಲ್ಲಿ ಭಾರತದ ಸಮುದ್ರ ಸಿಗಡಿಯ ಆಮದನ್ನು ನಿಲ್ಲಿಸಿತು. ಆಮೆಯ ಸಾವು ಮೀನುಗಾರನ ಜೇಬಿಗೂ ತಟ್ಟಿದ್ದು ಹೀಗೆ.

ಮೀನುಗಾರರ ಕಡೆಯ ಮಾತೂ ನ್ಯಾಯವಾದದ್ದು. ಟೆಡ್ ಹಾಕಿದರೆ ಒಂದಷ್ಟು ಮೀನು ಕಿಂಡಿಯಿಂದ ಹೋಗುತ್ತದೆ. ಸಾಲ ಮಾಡಿ ಕೊಂಡ ಬಲೆಯನ್ನು ಆಮೆ ಬಿಡಿಸಲು ಕತ್ತರಿಸಿದರೆ ಆ ದಿನದ ದುಡಿಮೆ ಹೋಯಿತು, ರಿಪೇರಿಯ ಖರ್ಚು ಬಂತು. ಮಹಾರಾಷ್ಟ್ರ ಸರ್ಕಾರ 2018ರಲ್ಲಿ ಹೀಗೆ ಬಲೆ ಕತ್ತರಿಸಿ ಸಂರಕ್ಷಿತ ಜೀವಿಯನ್ನು ಬಿಟ್ಟವರಿಗೆ 25,000 ರೂಪಾಯಿವರೆಗೆ ಪರಿಹಾರ ಕೊಡುವ ಯೋಜನೆ ತಂದಿತು. ಮೊಬೈಲ್‌ನಲ್ಲಿ ತೆಗೆದ ಫೋಟೊ, ವಿಡಿಯೊ ಅದಕ್ಕೆ ಆಧಾರ. ಇಂಥ ಹಣ ಕಾಗದದ ಓಡಾಟವಿಲ್ಲದೆ, ವಾರದೊಳಗೆ ಬಲೆ ಕತ್ತರಿಸಿದವನ ಮನೆಗೆ ತಲುಪಿದರೆ ಅದಕ್ಕಿಂತ ಒಳ್ಳೆಯ ಆಮೆ ರಕ್ಷಣೆ ಇನ್ನೊಂದಿಲ್ಲ.

ಬಲೆಯಲ್ಲಿ ಸಿಕ್ಕ ಆಮೆ ಅಲುಗಾಡದಿದ್ದರೆ ಸತ್ತಿದೆ ಎಂದು ನೀರಿಗೆ ಎಸೆಯಬಾರದು. ಹೊಟ್ಟೆ ಕೆಳಗಾಗಿ ಮಲಗಿಸಿ, ಹಿಂಭಾಗವನ್ನು ಅರ್ಧ ಅಡಿ ಎತ್ತರಿಸಿ, ನೆರಳಿನಲ್ಲಿ ಒದ್ದೆ ಬಟ್ಟೆ ಹೊದಿಸಿ ಕೆಲವು ತಾಸು ಬಿಟ್ಟರೆ ಶ್ವಾಸಕೋಶದ ನೀರು ಇಳಿದು ಎಚ್ಚರಗೊಳ್ಳುವ ಸಾಧ್ಯತೆ ಇದೆ. ಎಚ್ಚರಾದ ಮೇಲೆ ಎಂಜಿನ್ ನಿಲ್ಲಿಸಿ ನೀರಿಗೆ ಬಿಡಬೇಕು.

ದಂಡೆಯೇ ಹೋದರೆ

ಮೊಟ್ಟೆ ಕಾಯಬಹುದು, ಬಲೆ ಸುಧಾರಿಸಬಹುದು. ದಂಡೆ ಹೋದರೆ ಏನೂ ಮಾಡಲಾಗದು. ಈ ಕರಾವಳಿಯ ಕಡಲಾಮೆಯ ಭವಿಷ್ಯ ತೀರ್ಮಾನವಾಗುವುದು ಇಲ್ಲಿಯೇ.

ದಂಡೆಗೆ ಮರಳು ನದಿಯಿಂದ ಬರುತ್ತದೆ. ಶರಾವತಿಗೆ 1964ರಲ್ಲಿ ಲಿಂಗನಮಕ್ಕಿ ಅಣೆಕಟ್ಟು, ಅನಂತರ ಗೇರುಸೊಪ್ಪೆಯ ಅಣೆಕಟ್ಟು ಬಂದವು. ಅಣೆಕಟ್ಟು ನೀರಿನೊಂದಿಗೆ ಮರಳನ್ನೂ ಹಿಡಿದಿಡುತ್ತದೆ. ಅಘನಾಶಿನಿಗೆ ದೊಡ್ಡ ಅಣೆಕಟ್ಟು ಇಲ್ಲ. ಅದು ಇನ್ನೂ ತನ್ನ ಮರಳನ್ನು ತಾನೇ ಹೊತ್ತು ಕಡಲಿಗೆ ಒಯ್ಯುತ್ತಿದೆ. ಮಿರ್ಜಾನದ ಸುತ್ತಲಿನ ಗಜನಿ ಗದ್ದೆಗಳಲ್ಲಿ ಉಪ್ಪುನೀರು ತಾಳುವ ಕಗ್ಗ ಭತ್ತ ಬೆಳೆಯುವುದು, ಅಳಿವೆಯಲ್ಲಿ ಬಳಚು ಎಂಬ ಚಿಪ್ಪುಮೀನು ಆರಿಸಿ ಸಾವಿರಾರು ಮನೆ ನಡೆಯುವುದು, ಕಾಂಡ್ಲಾ ಕಾಡು ಉಳಿದಿರುವುದು ಈ ಸ್ವತಂತ್ರ ಹರಿವಿನಿಂದ. 4,801 ಹೆಕ್ಟೇರ್ ವಿಸ್ತಾರದ ಅಘನಾಶಿನಿ ಅಳಿವೆಗೆ 2024ರ ಜನವರಿಯಲ್ಲಿ ರಾಮ್ಸರ್ ತಾಣವೆಂಬ ಅಂತರರಾಷ್ಟ್ರೀಯ ಮನ್ನಣೆ ಸಿಕ್ಕಿತು. ತದಡಿಯಲ್ಲಿ ಬೃಹತ್ ಉಷ್ಣ ವಿದ್ಯುತ್ ಸ್ಥಾವರದ ಪ್ರಸ್ತಾವ ಬಂದಾಗ ಜನ ಎದ್ದು ನಿಂತು ವಿರೋಧಿಸದಿದ್ದರೆ ಈ ಮನ್ನಣೆಗೆ ಅಳಿವೆಯೇ ಉಳಿಯುತ್ತಿರಲಿಲ್ಲ. ನದಿಯಿಂದ ಮಿತಿಮೀರಿ ಮರಳು ತೆಗೆಯುವುದು ದಂಡೆಯ ಅನ್ನ ಕಸಿದಂತೆ. ಅದರ ಫಲ ಮೈಲುಗಟ್ಟಲೆ ದೂರದ ಕಡಲಂಚಿನಲ್ಲಿ ಕೊರೆತವಾಗಿ ಕಾಣುತ್ತದೆ.

ಕೊರೆತಕ್ಕೆ ನಾವು ಹುಡುಕಿಕೊಂಡ ಪರಿಹಾರ ಕಲ್ಲಿನ ತಡೆಗೋಡೆ. ಮನೆ ಕಳೆದುಕೊಳ್ಳುವ ಭಯದಲ್ಲಿ ಬದುಕುವವರಿಗೆ ರಕ್ಷಣೆ ಬೇಕು, ಅದರಲ್ಲಿ ಎರಡು ಮಾತಿಲ್ಲ. ಆದರೆ ಗೋಡೆ ಕಟ್ಟಿದ ಕಡೆ ಅಲೆ ಕಲ್ಲಿಗೆ ಬಡಿದು ಮುಂದಿನ ಮರಳನ್ನು ಎಳೆದೊಯ್ಯುತ್ತದೆ, ಕೊರೆತ ಪಕ್ಕದ ಊರಿಗೆ ಸರಿಯುತ್ತದೆ. ದಂಡೆ ಹತ್ತಿದ ಆಮೆ ಕಲ್ಲಿಗೆ ಮುಟ್ಟಿ ತಿರುಗಿ ಹೋಗುತ್ತದೆ. ದೋಣಿ ಎಳೆದಿಡಲು, ಮೀನು ಒಣಗಿಸಲು ಮೀನುಗಾರರಿಗೂ ಜಾಗ ಉಳಿಯುವುದಿಲ್ಲ. ಮರಳ ಮೇಲೆ ಹಬ್ಬುವ ಬಳ್ಳಿಗಳನ್ನು ಬೆಳೆಸಿ ದಿಬ್ಬ ಕಟ್ಟಿಕೊಳ್ಳಲು ದಂಡೆಗೆ ಅವಕಾಶ ಕೊಡುವುದು, ಹೊಸ ಕಟ್ಟಡಗಳನ್ನು ದಂಡೆಯಿಂದ ದೂರ ಇಡುವುದು ನಿಧಾನದ ದಾರಿ. ಬಾಳಿಕೆ ಬರುವ ದಾರಿಯೂ ಅದೇ.

ಹೊನ್ನಾವರದ ಕಾಸರಕೋಡು ಟೊಂಕದಲ್ಲಿ ಈ ಪ್ರಶ್ನೆ ಬೀದಿಗೂ ನ್ಯಾಯಾಲಯಕ್ಕೂ ಬಂದಿದೆ. ಶರಾವತಿಯ ಅಳಿವೆಯ ಪಕ್ಕದ ಈ ಮರಳುದಂಡೆಯಲ್ಲಿ ಖಾಸಗಿ ವಾಣಿಜ್ಯ ಬಂದರು ಕಟ್ಟುವುದನ್ನು ಮೀನುಗಾರ ಕುಟುಂಬಗಳು ವರ್ಷಗಳಿಂದ ವಿರೋಧಿಸುತ್ತಿವೆ. ಇಲ್ಲಿನ ಹೆಣ್ಣುಮಕ್ಕಳು ಇದೇ ಮರಳಿನ ಮೇಲೆ ಮೀನು ಒಣಗಿಸಿ ಸಂಸಾರ ನಡೆಸುತ್ತಾರೆ. ಇದೇ ಮರಳಿಗೆ ಆಮೆ ಮೊಟ್ಟೆಯಿಡಲು ಬರುತ್ತದೆ. ಕರಾವಳಿ ನಿಯಂತ್ರಣ ವಲಯದ ಅಧಿಸೂಚನೆಯ ಪ್ರಕಾರ ಆಮೆ ಮೊಟ್ಟೆಯಿಡುವ ತಾಣಗಳು ಅತ್ಯಂತ ಸೂಕ್ಷ್ಮವಾದ ಒಂದು-ಎ ವಲಯಕ್ಕೆ ಸೇರುತ್ತವೆ. ಹಾಗಾಗಿ ಒಂದು ಗೂಡಿನ ದಾಖಲೆ ಎಂದರೆ ಬರಿಯ ಲೆಕ್ಕವಲ್ಲ, ಆ ದಂಡೆಯ ಹಕ್ಕುಪತ್ರ. ಯಾವ ಗೂಡು ಯಾವ ತಾರೀಕಿಗೆ ಎಲ್ಲಿ ಸಿಕ್ಕಿತು ಎಂಬ ಪಟ್ಟಿಯನ್ನು ಇಲಾಖೆ ವರ್ಷಕ್ಕೊಮ್ಮೆ ಊರಿನವರ ಮುಂದೆ ಬಹಿರಂಗವಾಗಿ ಇಡಬೇಕು.

ಅದೇ ಹೊನ್ನಾವರ ತಾಲ್ಲೂಕಿನಲ್ಲಿ ಸುಮಾರು 5,959 ಹೆಕ್ಟೇರ್ ವ್ಯಾಪ್ತಿಯ ಅಪ್ಸರಕೊಂಡ-ಮುಗಳಿ ಕಡಲ ವನ್ಯಜೀವಿಧಾಮಕ್ಕೆ ರಾಜ್ಯ ಸರ್ಕಾರ ಒಪ್ಪಿಗೆ ಕೊಟ್ಟಿದೆ. ಕರ್ನಾಟಕಕ್ಕೆ ಇದು ಮೊದಲ ಕಡಲ ವನ್ಯಜೀವಿಧಾಮ. ಒಳ್ಳೆಯ ಹೆಜ್ಜೆ. ಆದರೆ ಗೆರೆಯೊಳಗೆ ಆಮೆಗೆ ರಕ್ಷಣೆ, ಗೆರೆಯಾಚೆ ಏನಾದರೂ ಆಗಲಿ ಎನ್ನುವಂತಾದರೆ ಪ್ರಯೋಜನವಿಲ್ಲ. ಸಾಂಪ್ರದಾಯಿಕ ಮೀನುಗಾರರ ಬದುಕಿಗೆ ಜಾಗವಿಟ್ಟು, ಅವರನ್ನೇ ಕಾವಲುಗಾರರನ್ನಾಗಿ ನೇಮಿಸಿ ನಡೆಸಿದರೆ ಮಾತ್ರ ವನ್ಯಜೀವಿಧಾಮ ಹೆಸರಿಗೆ ತಕ್ಕದ್ದಾಗುತ್ತದೆ.

ಓದುಗರಲ್ಲಿ ಒಂದು ಕೋರಿಕೆ

ಈ ಚಳಿಗಾಲದಲ್ಲಿ ಗೋಕರ್ಣಕ್ಕೋ ಕುಮಟಾಕ್ಕೋ ಮುರ್ಡೇಶ್ವರಕ್ಕೋ ಬರುವವರಿದ್ದೀರಿ. ಕತ್ತಲಾದ ಮೇಲೆ ದಂಡೆಗೆ ಹೋದರೆ ಟಾರ್ಚು, ಫ್ಲ್ಯಾಷ್ ಬೇಡ. ಮರಳಿನ ಮೇಲೆ ಬೈಕು, ಜೀಪು ಓಡಿಸಬೇಡಿ, ಕೆಳಗೆ ಮೊಟ್ಟೆ ಇರಬಹುದು. ಬೆಂಕಿ ಹಾಕಬೇಡಿ. ಉಳಿದ ಊಟ ದಂಡೆಯಲ್ಲಿ ಎಸೆದರೆ ನಾಯಿಗಳು ಸೇರುತ್ತವೆ, ನಾಯಿ ಸೇರಿದಲ್ಲಿ ಗೂಡು ಉಳಿಯುವುದಿಲ್ಲ. ಉಳಿಯುವ ರೆಸಾರ್ಟಿನ ದೀಪ ಸಮುದ್ರಕ್ಕೆ ಬೀಳುತ್ತಿದ್ದರೆ ಆರಿಸಿ ಎಂದು ಮಾಲೀಕರಿಗೆ ಹೇಳಿ. ಗಿರಾಕಿಯ ಮಾತಿಗೆ ಬೆಲೆ ಇದೆ. ಆಮೆಯ ಜಾಡೋ ಗಾಯಗೊಂಡ ಆಮೆಯೋ ಕಂಡರೆ ಮುಟ್ಟದೆ ಹತ್ತಿರದ ಮೀನುಗಾರರಿಗೆ ತಿಳಿಸಿ, ಇಲ್ಲವೇ ಅರಣ್ಯ ಇಲಾಖೆಯ 1926 ಸಂಖ್ಯೆಗೆ ಕರೆ ಮಾಡಿ.

ಮೀನುಗಾರನಿಗೆ ಬೇಕಾದ ದಂಡೆ ಮತ್ತು ಆಮೆಗೆ ಬೇಕಾದ ದಂಡೆ ಒಂದೇ. ಕಲ್ಲು ಸುರಿಯದ, ಕಾಂಕ್ರೀಟು ಏರದ, ಮೆತ್ತನೆ ಮರಳಿನ ತೆರೆದ ದಂಡೆ. ಆಮೆ ಮೊಟ್ಟೆಯಿಡುವುದು ನಿಲ್ಲಿಸಿದ ಊರಿನಲ್ಲಿ ಮೀನುಗಾರನ ಕಷ್ಟವೂ ಆರಂಭವಾಗಿರುತ್ತದೆ. ಹೊಸದಾಗಿ ಏನೂ ಕಟ್ಟದೆ, ಇರುವ ದಂಡೆಯನ್ನು ಇದ್ದ ಹಾಗೆ ಬಿಡುವುದು ಆಮೆಗೆ ನಾವು ಮಾಡಬಹುದಾದ ದೊಡ್ಡ ಉಪಕಾರ. ಕುಮಟಾದಿಂದ ಭಟ್ಕಳದವರೆಗಿನ ಪ್ರತಿ ಗ್ರಾಮಸಭೆಯಲ್ಲೂ ಈ ವರ್ಷ ಆ ಮಾತು ಚರ್ಚೆಯಾಗಿ ನಿರ್ಣಯವಾಗಲಿ.